ಐಸಿಡಿ (ಎದೆಯೊಳಗಿನ ಕೀವು ಹೊರತೆಗೆಯೋ ಟ್ಯೂಬ್) ಬಾಟಲ್‌ಗೆ ಕೀವು ಬರೋದು ನಿಂತಿದೆ, ಜ್ವರ ನಿಂತಿಲ್ಲ. ಟ್ಯೂಬ್ ತೆಗೆಯೋದಾ?

ಡ್ಯೂಟಿ ಡಾಕ್ಟರ್, ಮಂಡ್ಯ
52 ವರ್ಷದ ರೋಗಿ, ಗದ್ದೆ ಕೆಲಸ, ಸಕ್ಕರೆ ಕಾಯಿಲೆ ಇದೆ. ಬಲಗಡೆ ಎಂಪೈಮಾ (ಶ್ವಾಸಕೋಶದ ಸುತ್ತ ಕೀವು), 28 ಫ್ರೆಂಚ್ ಅಳತೆಯ ಟ್ಯೂಬ್. ಮೊದಲ ದಿನ 700 ಎಂಎಲ್ ಗಟ್ಟಿ ಕೀವು, ಮಾರನೇ ದಿನ 250, ಈಗ ಎರಡು ದಿನದಿಂದ 20 ಕೂಡ ಇಲ್ಲ. ಸಂಜೆಯಾದ್ರೆ 101 ಜ್ವರ. ಸೆಫ್ಟ್ರಿಯಾಕ್ಸೋನ್, ಅಮಿಕಾಸಿನ್ ಆಂಟಿಬಯಾಟಿಕ್ ನಡೀತಿದೆ. ಕೀವಿನ ಎಡಿಎ (ಟಿಬಿ ಅನುಮಾನಕ್ಕೆ ನೋಡೋ ಕಿಣ್ವ) 78 ಬಂದಿದೆ, ಟಿಬಿ ಮಾತ್ರೆ ಶುರು ಮಾಡೋಣ ಅಂತ ಒಂದು ಮಾತಿದೆ. ದಿನಕ್ಕೆ 50ಕ್ಕಿಂತ ಕಡಿಮೆ ಬಂದ್ರೆ ಟ್ಯೂಬ್ ತೆಗೀಬಹುದಲ್ವಾ?

ಎದೆರೋಗ ವಿಭಾಗ, ಮೈಸೂರು
ತೆಗೀಬೇಡಿ. ಆ 50ರ ಲೆಕ್ಕ ನಡೆಯೋದು ಜ್ವರ ಇಳಿದು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿದ ಮೇಲೆ. 250ರಿಂದ ಒಂದೇ ಏಟಿಗೆ 20ಕ್ಕೆ ಬಿದ್ದರೆ ಕೀವು ಖಾಲಿ ಆಯ್ತು ಅನ್ನೋದಕ್ಕಿಂತ ಟ್ಯೂಬ್ ಕಟ್ಟಿದೆ ಅನ್ನೋ ಅನುಮಾನವೇ ಮೊದಲು ಬರಬೇಕು.

ಕೆಮ್ಮಿಸಿ ನೋಡಿ. ಬಾಟಲ್ ಒಳಗಿನ ಕೊಳವೆಯಲ್ಲಿ ನೀರು ಏರಿಳೀತಿಲ್ಲ ಅಂದ್ರೆ ಶ್ವಾಸಕೋಶ ಪೂರ್ತಿ ಅರಳಿರಬೇಕು, ಇಲ್ಲ ದಾರಿ ಮುಚ್ಚಿರಬೇಕು. ಯಾವುದು ಅನ್ನೋದನ್ನ ಎಕ್ಸ್‌ರೇ ಹೇಳುತ್ತೆ. ರೋಗಿಯ ಪಕ್ಕೆ ಕೆಳಗೆ ಟ್ಯೂಬ್ ಮಡಚಿದೆಯಾ, ಕೊನೇ ತೂತು ಚರ್ಮದಿಂದ ಹೊರಗೆ ಬಂದಿದೆಯಾ ನೋಡಿ. ಆಮೇಲೆ ಬಾಟಲ್ ಕಡೆ ಕ್ಲ್ಯಾಂಪ್ ಹಾಕಿ, 50 ಎಂಎಲ್ ಸಿರಿಂಜ್‌ನಲ್ಲಿ 20–30 ಎಂಎಲ್ ಸ್ಟೆರೈಲ್ ಸಲೈನ್ ಮೆಲ್ಲಗೆ ಬಿಡಿ. ತಡೆದರೆ ಒತ್ತಬೇಡಿ. ಟ್ಯೂಬನ್ನ ಬೆರಳಲ್ಲಿ ಜೋರಾಗಿ ಹಿಂಡಿ ಎಳೆಯೋ ಅಭ್ಯಾಸ ಬೇಡ, ಒಳಗೆ ಸೆಳೆತ ವಿಪರೀತ ಆಗುತ್ತೆ.

ಮೈಕ್ರೋಬಯಾಲಜಿ
ನನ್ನ ತಕರಾರು ಔಷಧಿ ಮೇಲೆ. ಕೀವಿನ ಆಮ್ಲೀಯತೆಯಲ್ಲಿ ಅಮಿಕಾಸಿನ್ ಸರಿಯಾಗಿ ಕೆಲಸ ಮಾಡಲ್ಲ, ಎದೆಗೂಡಿನ ಆ ಜಾಗಕ್ಕೆ ತಲುಪೋದೂ ಕಡಿಮೆ. ಸೆಫ್ಟ್ರಿಯಾಕ್ಸೋನ್‌ಗೆ ಅನೇರೋಬ್‌ಗಳ (ಆಮ್ಲಜನಕ ಇಲ್ಲದೆ ಬೆಳೆಯೋ ಬ್ಯಾಕ್ಟೀರಿಯಾ) ಮೇಲೆ ನೆಚ್ಚುವಂಥ ಹಿಡಿತ ಇಲ್ಲ. ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್‌ಗೆ ಹೋಗಿ, ಇಲ್ಲವೇ ಸೆಫ್ಟ್ರಿಯಾಕ್ಸೋನ್ ಜೊತೆಗೆ ಕ್ಲಿಂಡಾಮೈಸಿನ್ ಅಥವಾ ಮೆಟ್ರೊನಿಡಜೋಲ್ ಸೇರಿಸಿ. ಹೊಸ ಸ್ಯಾಂಪಲ್ಲನ್ನ ಬ್ಲಡ್ ಕಲ್ಚರ್ ಬಾಟಲ್‌ಗೂ ಹಾಕಿ, ಬೆಳೆಯೋ ಸಾಧ್ಯತೆ ಹೆಚ್ಚುತ್ತೆ. ಬಾಟಲ್‌ನಲ್ಲಿ ನಿಂತ ಕೀವು ಕಳಿಸಬೇಡಿ.

ಗದ್ದೆ ಕೆಲಸ, ಸಕ್ಕರೆ ಕಾಯಿಲೆ ಎರಡೂ ಇರೋದ್ರಿಂದ ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರೋ ಸೋಂಕು) ಅನುಮಾನ ಇದೆ ಅಂತ ಲ್ಯಾಬ್‌ಗೆ ಬಾಯಿಬಿಟ್ಟು ಹೇಳಿ. ಹೇಳದಿದ್ರೆ ‘ಸ್ಯೂಡೋಮೊನಾಸ್ ಜಾತಿ’ ಅಂತ ಬರೆದು ಕೈತೊಳೆದುಕೊಳ್ಳೋದುಂಟು. ಅದೇ ಆಗಿದ್ರೆ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಬೇಕು.

ಎಡಿಎ 78 ಒಂದನ್ನೇ ನಂಬಿ ಟಿಬಿ ಅನ್ನಬೇಡಿ. 40 ದಾಟಿದ್ರೆ ಟಿಬಿ ಅನ್ನೋ ಸೂತ್ರ ಲಿಂಫೋಸೈಟ್ ತುಂಬಿದ ತಿಳಿ ನೀರಿಗೆ. ಕೀವಲ್ಲಿ ಎಡಿಎ ಹಾಗೇ ಏರುತ್ತೆ. ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನ್ ಪರೀಕ್ಷೆ), ಲಿಕ್ವಿಡ್ ಕಲ್ಚರ್ ಕಳಿಸಿ. ಆದ್ರೆ ಸಿಬಿನ್ಯಾಟ್ ನೆಗೆಟಿವ್ ಬಂತು ಅಂತ ಟಿಬಿ ಇಲ್ಲ ಅನ್ನೋ ಹಾಗಿಲ್ಲ.

ಡ್ಯೂಟಿ ಡಾಕ್ಟರ್, ಮಂಡ್ಯ
ಸಲೈನ್ ಸಲೀಸಾಗಿ ಹೋಯ್ತು, ಬಂದಿದ್ದು ಅಷ್ಟೇ. ಎಕ್ಸ್‌ರೇಯಲ್ಲಿ ಹಿಂಬದಿ ನೆರಳು ಹಾಗೇ ಇದೆ. ಅಲ್ಟ್ರಾಸೌಂಡ್‌ನಲ್ಲಿ ಜೇನುಗೂಡಿನ ಥರ ಕಾಣ್ತಿದೆ.

ಎದೆರೋಗ ವಿಭಾಗ, ಮೈಸೂರು
ಹಾಗಾದ್ರೆ ಟ್ಯೂಬ್ ಒಂದು ಕೋಣೆಯಲ್ಲಿದೆ, ಕೀವು ಪಕ್ಕದ ಕೋಣೆಗಳಲ್ಲಿ. ಕಾಂಟ್ರಾಸ್ಟ್ ಸಿಟಿ ಮಾಡಿಸಿ. ಆಲ್ಟೆಪ್ಲೇಸ್ (ಒಳಗಿನ ಗೋಡೆ ಕರಗಿಸೋ ಔಷಧಿ) 10 ಮಿ.ಗ್ರಾಂ, ಡಾರ್ನೇಸ್ (ಕೀವು ತೆಳು ಮಾಡೋದು) 5 ಮಿ.ಗ್ರಾಂ, ದಿನಕ್ಕೆರಡು ಸಲ, ಮೂರು ದಿನ ಟ್ಯೂಬ್ ಮೂಲಕ ಕೊಡೋದು 2011ರ ಮಿಸ್ಟ್-2 ಪ್ರಯೋಗದ ಕ್ರಮ. ಎರಡೂ ಜೊತೆಗೆ ಕೊಟ್ಟಾಗಲೇ ಫಲ ಕಂಡಿದ್ದು, ಬಿಡಿಬಿಡಿಯಾಗಿ ಕೊಟ್ಟಾಗ ಅಲ್ಲ. ಸ್ಟ್ರೆಪ್ಟೋಕೈನೇಸ್ ಅಗ್ಗ, ಆದ್ರೆ 2005ರ ಮಿಸ್ಟ್-1ರಲ್ಲಿ ಸಾವನ್ನೂ ಇಳಿಸಲಿಲ್ಲ, ಆಪರೇಷನ್ನನ್ನೂ ತಪ್ಪಿಸಲಿಲ್ಲ. ರಕ್ತ ತೆಳುವಾಗೋ ಮಾತ್ರೆ ತಗೋತಿದ್ರೆ, ಬಾಟಲ್‌ನಲ್ಲಿ ಗುಳ್ಳೆ ಬರ್ತಿದ್ರೆ ಈ ದಾರಿ ಬೇಡ. ಜಗ್ಗದಿದ್ರೆ ವ್ಯಾಟ್ಸ್ (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡೋ ಎದೆ ಆಪರೇಷನ್). ವಾರಗಟ್ಟಲೆ ಕಾದರೆ ಶ್ವಾಸಕೋಶದ ಮೇಲೆ ದಪ್ಪ ಸಿಪ್ಪೆ ಕಟ್ಟಿ, ಎದೆ ತೆರೆದು ಸುಲಿಯೋ ಕೆಲಸ ಆಗುತ್ತೆ. ಕಳಿಸಿಕೊಡಿ.

ಸ್ಟಾಫ್ ನರ್ಸ್
ಸರ್, ಕಳಿಸುವಾಗ ಒಂದು ಮಾತು. ದಾರಿಗೆ ಅಂತ ಟ್ಯೂಬ್ ಕ್ಲ್ಯಾಂಪ್ ಮಾಡಬೇಡಿ. ಗಾಳಿ ಸೋರ್ತಿದ್ರೆ ಒಳಗೇ ಒತ್ತಡ ಕಟ್ಟುತ್ತೆ. ಸ್ಟ್ರೆಚರ್ ಎತ್ತುವಾಗ ಅಟೆಂಡರ್‌ಗಳು ಬಾಟಲ್ಲನ್ನ ರೋಗಿಯ ಹೊಟ್ಟೆ ಮೇಲೆ ಇಟ್ಟುಬಿಡ್ತಾರೆ. ಬಾಟಲ್ ಯಾವಾಗಲೂ ಎದೆಗಿಂತ ಕೆಳಗಿರಬೇಕು, ಇಲ್ಲಾಂದ್ರೆ ಆ ನೀರೇ ವಾಪಸ್ ಒಳಗೆ ಹೋಗುತ್ತೆ. ಕೊಳವೆ ತುದಿ ನೀರೊಳಗೆ 2 ಸೆಂ.ಮೀ. ಮುಳುಗಿರಲಿ. ಹೊರಡುವಾಗಿನ ಮಟ್ಟವನ್ನ ಪ್ಲಾಸ್ಟರ್ ಅಂಟಿಸಿ, ಟೈಮ್ ಸಮೇತ ಬರೆದುಬಿಡಿ.