ಅಪ್‌ಡೇಟ್: ಗಾಳಿಗೆ ಬಿದ್ದ ಮತ್ತಿ ಮರ ಸೌದೆ ಆಯ್ತು
ತೀರ್ಥಹಳ್ಳಿ ಕಡೆ ನಮ್ಮ ತೋಟದ ಅಂಚಲ್ಲಿ ಮಳೆಗಾಲದಲ್ಲಿ ಬುಡಸಮೇತ ಬಿದ್ದ ಮತ್ತಿ ಮರನ ಸೌದೆಗೆ ಕಡಿಬಹುದಾ, ಪರ್ಮಿಶನ್ ಬೇಕಾ ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್. ಸ್ವಂತ ಜಾಗ ಆದ್ರೂ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟೇ ಕಡಿಸಿದ್ವಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸತ್ತ, ರೋಗ ಬಂದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸೋ ಹಾಗಿಲ್ಲ, ಹಾಗಾಗಿ ಯಾರೂ ಹೆದರ್ಕೊಂಡು ಕದ್ದು ಕಡಿಯೋದು ಬೇಡ. ಕಾಂಡ ಕಡಿದಾಗ ಬುಡ ವಾಪಸ್ ಗುಂಡಿಗೆ ಬೀಳಬಹುದು ಅಂತ ನೀವೆಲ್ಲ ಕೊಟ್ಟ ಎಚ್ಚರಿಕೆ ಮಾತ್ರ ಜೀವ ಉಳಿಸೋ ಮಾತು. ಕಾಂಡ ತುಂಡಾಗಿದ್ದೇ ತಡ, ಮಣ್ಣಿನ ಹೆಂಟೆ ಸಮೇತ ಎದ್ದು ನಿಂತಿದ್ದ ಬೇರು ಧಡ್ ಅಂತ ವಾಪಸ್ ಗುಂಡಿಗೆ ಕೂತ್ಕೊಳ್ತು, ಆ ಗುಂಡಿ ಹತ್ರ ಮಕ್ಕಳನ್ನ, ನಾಯಿನ ಬಿಡಲೇಬೇಡಿ. ಪಕ್ಕದಲ್ಲಿ ನಿಂತಲ್ಲೇ ಒಣಗಿರೋ ಇನ್ನೊಂದು ಮರದ ಪೊಟರೆಲಿ ಕುಟ್ರುಹಕ್ಕಿ ಇದೆ, ಅದನ್ನ ಮುಟ್ಟಲ್ಲ. ಮತ್ತಿ ಸೀಳಿ ಒಟ್ಟಿದೀವಿ, ಇನ್ನೂ ಹಸಿ, ಬಚ್ಚಲೊಲೆಗೆ ಮುಂದಿನ ವರ್ಷವೇ. ಥ್ಯಾಂಕ್ಸ್ ಎಲ್ರಿಗೂ.