ಸಹಾಯ ಬೇಕು: ಗೂರ್ಮೇ, ಗೂರ್ಮಾಂಡ್ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ತೋಟದ ಮನೆಯಲ್ಲಿ ಸಣ್ಣದೊಂದು ಹೋಂಸ್ಟೇ ನಡೆಸುತ್ತಿದ್ದೇನೆ. ಕಡಂಬುಟ್ಟು, ಪಂದಿಕರಿ, ಮಳೆಗಾಲದಲ್ಲಿ ಕಣಿಲೆ, ಎಲ್ಲ ಮನೆ ಅಡುಗೆಯೇ. ಊಟ ಇಷ್ಟಪಡುವವರು ಬರಲಿ ಅಂತ ಗೇಟಿನ ಬೋರ್ಡಿಗೆ ಇಂಗ್ಲಿಷಿನಲ್ಲಿ ‘ಗೂರ್ಮಾಂಡ್‌ಗಳಿಗೆ ಸ್ವಾಗತ’ ಎಂದು ಬರೆದಿಟ್ಟೆ. ತಂಗಿ ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. “ದೊಡ್ಡಮ್ಮ, ಹೊಟ್ಟೆಬಾಕರಿಗೆ ಸ್ವಾಗತ ಅಂದ ಹಾಗಾಯ್ತು, ಗೂರ್ಮೇ ಅಂತ ಹಾಕಿ” ಅಂದಳು.

ನಿಘಂಟು ತೆಗೆದೆ. ಎರಡೂ ಫ್ರೆಂಚಿನಿಂದ ಬಂದ ಪದಗಳು. ಗೂರ್ಮೇ ಅಂದರೆ ರುಚಿ ಬಲ್ಲವರು. ಹಿಂದೆ ಫ್ರೆಂಚಿನಲ್ಲಿ ವೈನ್ ರುಚಿ ನೋಡಿ ಗುಣ ಹೇಳುವವರನ್ನು ಹಾಗೆ ಕರೆಯುತ್ತಿದ್ದರಂತೆ. ನಮ್ಮಲ್ಲಿ ಕಾಫಿ ರುಚಿ ನೋಡುವವರಿಲ್ಲವೇ, ಹಾಗೆ. (gourmet ಅಂತ ಬರೆದರೂ ಕೊನೆಯ ‘ಟ್’ ಉಚ್ಚರಿಸಬಾರದು ಅನ್ನೋದೂ ಈಗಲೇ ಗೊತ್ತಾಗಿದ್ದು!) ಗೂರ್ಮಾಂಡ್‌ಗೆ ಮಾತ್ರ ಎರಡು ಅರ್ಥ ಕೊಟ್ಟಿದ್ದಾರೆ: ಊಟಪ್ರಿಯ, ಜೊತೆಗೆ ಅತಿಯಾಗಿ ತಿನ್ನುವವ. ಫ್ರೆಂಚರಿಗೆ ಅದು ಬೈಗುಳವೇನೂ ಅಲ್ಲ.

ಇಲ್ಲೇ ತಲೆ ಕೆಟ್ಟಿದ್ದು. ಹೋಟೆಲುಗಳ ಊಟಕ್ಕೆ ದರ್ಜೆ ಕೊಡುವ ಫ್ರೆಂಚ್ ಕೈಪಿಡಿ ಮಿಶೆಲಿನ್‌ನವರು 1997ರಿಂದ, ಹೆಚ್ಚು ದುಬಾರಿಯಲ್ಲದ ಒಳ್ಳೆ ಊಟದ ಹೋಟೆಲುಗಳಿಗೆ ‘ಬಿಬ್ ಗೂರ್ಮಾಂಡ್’ ಅಂತಲೇ ಮನ್ನಣೆ ಕೊಡುತ್ತಾರೆ. ಕೆಟ್ಟ ಪದವಾದರೆ ಯಾಕೆ ಇಡುತ್ತಿದ್ದರು? ಗೂರ್ಮೇ ಅಂತ ಹಾಕೋಣವೆಂದರೆ ಅದು ಸ್ವಲ್ಪ ಜಂಬದ ಪದ ಅನ್ನಿಸುತ್ತದೆ. ನಮ್ಮದು ಹೊಟ್ಟೆ ತುಂಬಾ ಬಡಿಸುವ ಮನೆ.

ಇಂಗ್ಲಿಷ್ ಬಲ್ಲವರು ಹೇಳಿ: ಬೋರ್ಡಿನಲ್ಲಿ ಗೂರ್ಮಾಂಡ್ ಎಂದು ಓದಿದ ಅತಿಥಿಗೆ ಇವತ್ತಿನ ಇಂಗ್ಲಿಷಿನಲ್ಲಿ ಅವಮಾನ ಅನ್ನಿಸುತ್ತದಾ? ಇಲ್ಲಾ ಗೂರ್ಮೇ ಅಂತಲೇ ಬದಲಾಯಿಸಲಾ?