ಅಪ್ಪನಿಗೆ ಬಟನ್ ಸ್ಟಾರ್ಟ್ ಕಾರು ಹೇಳಿಕೊಡುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ತೀರ್ಥಹಳ್ಳಿಯಿಂದ

ನಮ್ಮ ಅಪ್ಪನಿಗೆ ಅರವತ್ತು ದಾಟಿದೆ. ಇಷ್ಟು ವರ್ಷ ಮಾರುತಿ 800 ಓಡಿಸಿದವರು. ಈಗ ಅಣ್ಣ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಡಿಸಿದ್ದಾನೆ. ಗೇರ್ ಮ್ಯಾನುಯಲ್ಲೇ, ಆದರೆ ಸ್ಟಾರ್ಟ್ ಮಾಡಲು ಬಟನ್. ಅಪ್ಪ ಒತ್ತಿದರೆ ರೇಡಿಯೋ ಬರುತ್ತದೆ, ಎಂಜಿನ್ ಬರುವುದಿಲ್ಲ. ಮತ್ತೆ ಮತ್ತೆ ಒತ್ತಿ, ಕೊನೆಗೆ ಬೇಜಾರಾಗಿ ಇಳಿದುಬಿಡುತ್ತಾರೆ. ಮಳೆಯಲ್ಲಿ ಗಾಜಿಗೆ ಹಬೆ ಕಟ್ಟುವುದು ಇನ್ನೊಂದು ತಲೆನೋವು. ಅಣ್ಣ ಬೆಂಗಳೂರಿನಲ್ಲಿ, ನನಗೆ ಡ್ರೈವಿಂಗ್ ಬರುವುದಿಲ್ಲ. ಹೇಗೆ ಹೇಳಿಕೊಡಲಿ?

ಮೈಸೂರಿನಿಂದ, ಡ್ರೈವಿಂಗ್ ಕಲಿಸುವವರು

ಮೇಡಂ, ನಿಮ್ಮ ತಂದೆಯವರಿಗೆ ಓಡಿಸಲು ಚೆನ್ನಾಗಿಯೇ ಬರುತ್ತದೆ. ಬಟನ್ನಿನ ಲೆಕ್ಕ ಒಂದು ಗೊತ್ತಾದರೆ ಸಾಕು. ಕ್ಲಚ್ ಒತ್ತದೆ ಬಟನ್ ಒತ್ತಿದರೆ ಮೊದಲ ಸಲ ರೇಡಿಯೋ ಬರುತ್ತದೆ, ಎರಡನೇ ಸಲ ಮೀಟರಿನ ಲೈಟುಗಳು, ಮೂರನೇ ಸಲ ಎಲ್ಲಾ ಆಫ್. ಎಷ್ಟು ಒತ್ತಿದರೂ ಇದೇ ಸುತ್ತು. ಹಾಗೇ ಬಿಟ್ಟು ಇಳಿದರೆ ಬ್ಯಾಟರಿ ಡೌನ್ ಆಗುತ್ತದೆ. ಕ್ಲಚ್ಚನ್ನು ಕೊನೆವರೆಗೂ ಒತ್ತಿ ಹಿಡಿದು ಒಂದೇ ಸಲ ಬಟನ್ ಒತ್ತಬೇಕು. ಕೆಲವು ಕಾರುಗಳು ಬ್ರೇಕನ್ನೂ ಕೇಳುತ್ತವೆ, ಎರಡನ್ನೂ ಒತ್ತಿದರೆ ನಷ್ಟವೇನಿಲ್ಲ.

ಆದರೆ ಹತ್ತಿ ಕೂತ ಕೂಡಲೇ ಬಟನ್ನಿಗೆ ಕೈ ಹೋಗಬಾರದು. ಮೊದಲು ಸೀಟು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು. ಬೆನ್ನು ಒರಗಿಸಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಗೆ ತಾಗಬೇಕು. ಎದೆಗೂ ಸ್ಟೇರಿಂಗಿಗೂ ನಡುವೆ ಕಡಿಮೆ ಅಂದರೂ 25 ಸೆಂ.ಮೀ. ಇರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗ ಬೇಕಲ್ವಾ? ಹಳೆ ಕಾರು ಓಡಿಸಿದ ಹಿರಿಯರು ಸ್ಟೇರಿಂಗಿಗೆ ಅಂಟಿಕೊಂಡು ಕೂರುವುದು ಜಾಸ್ತಿ. ಅದನ್ನು ಪ್ರೀತಿಯಿಂದಲೇ ಬಿಡಿಸಿ. ಆಮೇಲೆ ಕನ್ನಡಿ, ಬೆಲ್ಟ್. ಕಾಲಡಿಯ ಮ್ಯಾಟ್ ಜರುಗಿ ಪೆಡಲ್ ಮೇಲೆ ಬಂದಿದೆಯಾ, ನೀರಿನ ಬಾಟಲಿ ಉರುಳಿಕೊಂಡು ಬಂದಿದೆಯಾ ಅಂತಲೂ ನೋಡಲಿ. ಬ್ರೇಕ್ ಅಡಿಗೆ ಬಾಟಲಿ ಸಿಕ್ಕಿಕೊಂಡರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನ್ಯೂಟ್ರಲ್. ಕಣ್ಣಲ್ಲಿ ನೋಡಿದರೆ ಸಾಲದು. ಗೇರ್ ಹಿಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು. ಸಲೀಸಾಗಿ ಆಡಿದರೆ ಮಾತ್ರ ನ್ಯೂಟ್ರಲ್. ನಿಮ್ಮ ಕಡೆ ಏರಿನಲ್ಲಿ ಗೇರ್ ಹಾಕಿಯೇ ನಿಲ್ಲಿಸುತ್ತಾರೆ, ಅದು ಒಳ್ಳೆಯ ಅಭ್ಯಾಸವೇ. ಆದರೆ ಬೆಳಿಗ್ಗೆ ಅದು ಮರೆತುಹೋಗಿ, ಎಂಜಿನ್ ಶುರುವಾದ ಕೂಡಲೇ ಕ್ಲಚ್ ಬಿಟ್ಟರೆ ಕಾರು ಮುಂದಕ್ಕೆ ಜಿಗಿಯುತ್ತದೆ. ಎದುರಿಗೆ ಗೋಡೆ ಇದ್ದರೆ ಬಂಪರ್ ಹೋಗುತ್ತದೆ. ಅಂಗಳದಲ್ಲಿ ಮೊಮ್ಮಕ್ಕಳು ಆಡುತ್ತಿದ್ದರೆ? ಅದಕ್ಕೇ ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗೇರ್ ಅಲ್ಲಾಡಿಸಲಿ, ಆಮೇಲೆ ಬಟನ್. ಒಂದು ವಾರ ನೀವು ಪಕ್ಕದಲ್ಲಿ ಕೂತು ಇದನ್ನು ಬಾಯಿಬಿಟ್ಟು ಹೇಳಿಸಿ. ನಿಮಗೆ ಡ್ರೈವಿಂಗ್ ಬರಬೇಕಾಗಿಲ್ಲ.

ಶಿವಮೊಗ್ಗದಿಂದ, ಗ್ಯಾರೇಜ್ ಇಟ್ಟುಕೊಂಡವರು

ಅಕ್ಕ, ಡೀಸೆಲ್ ಅಂದಿರಲ್ಲ, ಅದಕ್ಕೆ ಒಂದು ಮಾತು. ಮೀಟರಿನಲ್ಲಿ ಸುರುಳಿ ಆಕಾರದ ಹಳದಿ ಲೈಟು ಬರುತ್ತದೆ. ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಕಾಯುತ್ತಿದೆ ಅಂತ ಅರ್ಥ. ಚಳಿಯ ಬೆಳಿಗ್ಗೆ ಅದು ಆರಲು ಕೆಲವು ಸೆಕೆಂಡ್ ಹಿಡಿಯುತ್ತದೆ. ಎಷ್ಟೋ ಬಟನ್ ಕಾರುಗಳು ಒತ್ತಿದ ಮೇಲೆ ಅದು ಆರುವ ತನಕ ತಡೆದು, ಆಮೇಲೆ ತಾವೇ ಎಂಜಿನ್ ಸ್ಟಾರ್ಟ್ ಮಾಡುತ್ತವೆ. ಆ ಗ್ಯಾಪಿನಲ್ಲಿ ಕ್ಲಚ್ ಬಿಡಬಾರದು, ಮತ್ತೊಮ್ಮೆ ಬಟನ್ ಒತ್ತಲೂಬಾರದು.

ಸ್ಟಾರ್ಟ್ ಆದ ಮೇಲೆ ಎಣ್ಣೆ ಡಬ್ಬಿ ಚಿತ್ರದ ಕೆಂಪು ಲೈಟು ಕೂಡಲೇ ಆರಬೇಕು. ಆರದಿದ್ದರೆ ಅಲ್ಲೇ ಆಫ್ ಮಾಡಿ. ಪೇಟೆ ತನಕ ಹೋಗಿ ತೋರಿಸೋಣ ಅಂತ ಹೊರಟರೆ ಎಂಜಿನ್ನೇ ಹೋಗುತ್ತದೆ. ಬಿಸಿಯಾಗಲಿ ಅಂತ ನಿಂತಲ್ಲೇ ರೇಸ್ ಮಾಡುವುದು ಬೇಡ. ಅರ್ಧ ನಿಮಿಷ ಸುಮ್ನೆ ಬಿಟ್ಟು ನಿಧಾನಕ್ಕೆ ಹೊರಡಲಿ. ಘಾಟಿ ಹತ್ತಿ ಬಂದು ನಿಲ್ಲಿಸುವಾಗ ಒಂದು ನಿಮಿಷ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡಲು ಬಿಟ್ಟು ಆಫ್ ಮಾಡಲಿ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ತಣಿಯುತ್ತದೆ.

ಶೆಡ್ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಲೇಬೇಡಿ, ಮಳೆ ಎಷ್ಟೇ ಇರಲಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ತೂಕಡಿಕೆ ಬರುವ ಹೊತ್ತಿಗೆ ಎದ್ದು ಹೊರಗೆ ಬರುವ ಶಕ್ತಿಯೇ ಉಳಿದಿರುವುದಿಲ್ಲ. ಎಂಜಿನ್ ಆನ್ ಇಟ್ಟು ಎಸಿಯಲ್ಲಿ ಮಲಗುವವರಿಗೂ ಇದೇ ಅಪಾಯ. ಇನ್ನೊಂದು, ಬೆಳಿಗ್ಗೆ ಹತ್ತುವ ಮೊದಲು ಬಾನೆಟ್ ಮೇಲೆ ನಾಲ್ಕು ಸಲ ಜೋರಾಗಿ ತಟ್ಟಿ. ಬೆಚ್ಚಗಿದೆ ಅಂತ ಬೆಕ್ಕಿನ ಮರಿ ಒಳಗೆ ಮಲಗಿರುತ್ತದೆ, ಪಾಪ.

ಸಕಲೇಶಪುರದಿಂದ

ಹಬೆ ಕಟ್ಟಿದಾಗ ಮೊದಲು ಬೆರಳಲ್ಲಿ ಗಾಜು ಒರೆಸಿ ನೋಡಿ. ಒಳಗಿದೆಯಾ, ಹೊರಗಿದೆಯಾ? ಒದ್ದೆ ಬಟ್ಟೆ, ಕೊಡೆ, ಎಲ್ಲರ ಉಸಿರು ಸೇರಿ ಒಳಗೆ ಕಟ್ಟಿದ್ದರೆ ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಮೋಡ್ ಇಡಿ. ಎಸಿ ಗಾಳಿಯ ತೇವ ತೆಗೆಯುತ್ತದೆ. ಚಳಿಯಾದರೆ ಬಿಸಿ ಕಡೆ ತಿರುಗಿಸಿ, ಎಸಿ ಮಾತ್ರ ಆಫ್ ಮಾಡಬೇಡಿ. ಹೊರಗೆ ಕಟ್ಟಿದ್ದರೆ ಎಸಿಯ ತಣ್ಣನೆ ಗಾಳಿಗೆ ಗಾಜು ತಂಪಾಗಿದೆ ಅಂತ. ಆಗ ಒಂದೆರಡು ಸಲ ವೈಪರ್ ಆಡಿಸಿ, ತಂಪು ಕಡಿಮೆ ಮಾಡಿ. ಈ ಬಟನ್ನುಗಳನ್ನು ಮನೆ ಮುಂದೆ ನಿಂತಿರುವಾಗಲೇ ಅಪ್ಪನಿಂದ ಒತ್ತಿಸಿ. ಘಾಟಿಯ ತಿರುವಿನಲ್ಲಿ ಹುಡುಕುವಂತಾಗಬಾರದು.

ಮತ್ತೆ ತೀರ್ಥಹಳ್ಳಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಲಚ್ ಒತ್ತಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಪ್ಪನ ಮುಖ ನೋಡಬೇಕಿತ್ತು! ಇನ್ನೆರಡು ಸಂಶಯ. ರಿಮೋಟ್ ಕೀ ಅಪ್ಪನ ಜೇಬಿನಲ್ಲೇ ಇರಬೇಕಾ? ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಅಂಟಿಸಬೇಕು ಅನ್ನುತ್ತಾರೆ ಅಮ್ಮ, ಆಗುತ್ತಾ?

ಹುಬ್ಬಳ್ಳಿಯಿಂದ

ತಂಗಿ, ಗಣಪತಿ ಖಂಡಿತ ಇರಲಿ, ಜಾಗ ಮಾತ್ರ ನೋಡಿಕೊಳ್ಳಿ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿರುತ್ತದೆ. ಅಲ್ಲಿ ಅಂಟಿಸಿದರೆ ಅದು ಬಿಚ್ಚಿಕೊಂಡಾಗ ಮೂರ್ತಿ ನೇರ ಅಮ್ಮನ ಮುಖಕ್ಕೇ ಬರುತ್ತದೆ. ನಡುವೆ, ಕಣ್ಣಿಗೆ ಅಡ್ಡ ಬರದ ಹಾಗೆ ಪುಟ್ಟದೊಂದು ಇಡಿ. ಹಿಂದೆ ಕೂತವರೂ ಬೆಲ್ಟ್ ಹಾಕಲಿ. ಹಾಕದಿದ್ದರೆ 1000 ರೂಪಾಯಿ ದಂಡ ಇದೆ, ಅದಕ್ಕಿಂತ ಜೀವ ದೊಡ್ಡದು.

ಕೀ ಓಡಿಸುವವರ ಹತ್ತಿರವೇ ಇರಬೇಕು. ಎಂಜಿನ್ ಓಡುತ್ತಿರುವಾಗ ಅಣ್ಣ ಕೀ ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಇಳಿದ ಅಂದುಕೊಳ್ಳಿ. ಕಾರು ಬೀಪ್ ಅನ್ನುತ್ತದೆ, ಆದರೆ ಓಡುತ್ತಲೇ ಇರುತ್ತದೆ. ಎಲ್ಲೋ ಒಂದು ಕಡೆ ಆಫ್ ಮಾಡಿದಿರೋ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಕೀ ಒಳಗಿನ ಸೆಲ್ ಮುಗಿದಿದ್ದರೆ ಹೆಚ್ಚಿನ ಕಾರುಗಳಲ್ಲಿ ಕೀಯನ್ನೇ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಬಾಗಿಲು ತೆಗೆಯಲು ರಿಮೋಟಿನೊಳಗೇ ಒಂದು ಪುಟ್ಟ ಕೀ ಅಡಗಿರುತ್ತದೆ. ಅದನ್ನು ಹೊರಗೆ ಎಳೆಯುವುದು ಹೇಗೆ ಅಂತ ಅಪ್ಪನ ಕೈಯಲ್ಲೇ ಒಮ್ಮೆ ಮಾಡಿಸಿಬಿಡಿ.